ನೆಮ್ಮದಿಯ ಪಾಠವನ್ನು ಆನ್‌ಲೈನ್‌ನಲ್ಲಿ ಕಲಿಸುವುದು ಹೇಗೆ: ಕಲಿಸಲು ಹೊರಟವರಿಗೆ ಒಂದು ಮಾರ್ಗದರ್ಶಿ

ಬಳ್ಳಾರಿಯ ಯೋಗ ಶಿಕ್ಷಕರು, ರಾಯಚೂರಿನ ದಾದಿಯರು, ಗಂಗಾವತಿಯ ಪ್ರೌಢಶಾಲಾ ಶಿಕ್ಷಕಿಯರು, ಸಮಾಜಕಾರ್ಯದ ಸ್ನಾತಕೋತ್ತರ ಪದವಿ (ಎಂಎಸ್‌ಡಬ್ಲ್ಯೂ) ಮುಗಿಸಿ ಕೆಲಸ ಹುಡುಕುತ್ತಿರುವ ಯುವಕರು, ಸ್ವಸಹಾಯ ಸಂಘ ನಡೆಸುವ ಮಹಿಳೆಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಮನಸ್ಸಿನ ನೆಮ್ಮದಿ, ಒತ್ತಡ, ನಿದ್ದೆ ಇವುಗಳ ಬಗ್ಗೆ ನಮ್ಮ ಜನರಿಗೆ ಕನ್ನಡದಲ್ಲಿ ಆನ್‌ಲೈನ್ ಕೋರ್ಸ್ ನಡೆಸಬೇಕು. ಎಲ್ಲಿಂದ ಶುರು ಮಾಡಬೇಕು?" ಒಬ್ಬೊಬ್ಬರಿಗೂ ಫೋನಿನಲ್ಲಿ ಅರ್ಧರ್ಧ ಉತ್ತರ ಹೇಳುವ ಬದಲು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಇಂಥ ಕೋರ್ಸ್ ನಡೆಯುವುದು ತರಗತಿಯಲ್ಲಿ ಅಲ್ಲ, ಎರಡು ತರಗತಿಗಳ ನಡುವಿನ ಆರು ದಿನಗಳಲ್ಲಿ. ನೀವು ಪರದೆಯ ಮೇಲೆ ಎಷ್ಟು ಸೊಗಸಾಗಿ ಮಾತನಾಡಿದರೂ ಕೇಳಿದವರು ಮಂಗಳವಾರ ಬೆಳಿಗ್ಗೆ ಏನು ಮಾಡಿದರು ಎಂಬುದೇ ಫಲಿತಾಂಶ. ಮುಂದಿನ ಪ್ರತಿ ಹಂತದಲ್ಲೂ ಈ ಮಾತು ನೆನಪಿರಲಿ.

ಹಂತ 1: ನಿಮ್ಮ ಗಡಿಯನ್ನು ಗುರುತಿಸಿಕೊಳ್ಳಿ

ನೆಮ್ಮದಿಯ ಪಾಠ ಬೇರೆ, ಮಾನಸಿಕ ಕಾಯಿಲೆಯ ಚಿಕಿತ್ಸೆ ಬೇರೆ. ನಿದ್ದೆಯ ಶಿಸ್ತು, ಉಸಿರಾಟದ ಅಭ್ಯಾಸ, ಚಿಂತೆಯನ್ನು ಹತೋಟಿಗೆ ತರುವ ಬಗೆ, ನಂಟು ಬೆಳೆಸಿಕೊಳ್ಳುವುದು, ಇವನ್ನು ತರಬೇತಿ ಪಡೆದ ಶಿಕ್ಷಕರೋ ದಾದಿಯರೋ ಕಲಿಸಬಹುದು. ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಯೋಚನೆ, ಇಲ್ಲದ ಧ್ವನಿ ಕೇಳಿಸುವುದು ಇವು ವೈದ್ಯರ ಕೆಲಸ. ನಮ್ಮ ದೇಶದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಎಂಟು ವಾರದ ಆನ್‌ಲೈನ್ ಪ್ರಮಾಣಪತ್ರ ಇಟ್ಟುಕೊಂಡು ಹೆಸರಿನ ಮುಂದೆ "ಮನಶ್ಶಾಸ್ತ್ರಜ್ಞ" ಎಂದು ಬರೆದುಕೊಳ್ಳಬೇಡಿ. ನಂಬಿ ಬಂದವರಿಗೆ ಅದು ದ್ರೋಹವಾಗುತ್ತದೆ.

ಹಾಗೆಂದು ವೈದ್ಯರಲ್ಲದವರಿಗೆ ಇಲ್ಲಿ ಕೆಲಸವಿಲ್ಲ ಎಂದಲ್ಲ. ಅದಕ್ಕೆ ನಮ್ಮ ನೆಲದಲ್ಲೇ ಸಾಕ್ಷಿ ಇದೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ಆರಂಭವಾದ ಮೇಲೆ, ಅದೇ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದನ್ನು ಇಡೀ ಜಿಲ್ಲೆಯ ಮಟ್ಟದಲ್ಲಿ ಪ್ರಯೋಗಿಸಿ ನೋಡಿದ್ದು ಬಳ್ಳಾರಿಯಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ ಕೊಟ್ಟು, ಸಾಮಾನ್ಯ ಮಾನಸಿಕ ತೊಂದರೆಗಳನ್ನು ಗುರುತಿಸಲು ಕಲಿಸಲಾಯಿತು. ಅವರ ಬೆನ್ನಿಗೆ ಜಿಲ್ಲಾ ಮಟ್ಟದ ತಜ್ಞರ ತಂಡವಿತ್ತು. "ಬಳ್ಳಾರಿ ಮಾದರಿ" ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿ. ಆನ್‌ಲೈನ್ ತರಗತಿಗೂ ಅದೇ ಕ್ರಮ ಸರಿ. ಹತ್ತಿರದವರು ಸಣ್ಣದನ್ನು ಕಲಿಸಲಿ, ದೊಡ್ಡದನ್ನು ಕಂಡಾಗ ಯಾರಿಗೆ ಒಪ್ಪಿಸಬೇಕು ಎಂಬುದು ಅವರಿಗೆ ಮೊದಲೇ ಗೊತ್ತಿರಲಿ.

ಆದ್ದರಿಂದ ಕೋರ್ಸ್ ಘೋಷಿಸುವ ಮುನ್ನವೇ ಮೂರು ಸಂಗತಿ ಬರೆದಿಟ್ಟುಕೊಳ್ಳಿ. ಒಂದು, 14416. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್. ಕನ್ನಡದಲ್ಲಿ ಮಾತನಾಡಬಹುದು, ಹಗಲು ರಾತ್ರಿ ಲಭ್ಯ. ಎರಡು, ನಿಮ್ಮ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರ ಹೊರರೋಗಿ ವಿಭಾಗ ಯಾವ ದಿನ, ಯಾವ ಹೊತ್ತಿಗೆ ನಡೆಯುತ್ತದೆ ಎಂಬ ವಿವರ. ಖುದ್ದಾಗಿ ಹೋಗಿ ಕೇಳಿ ಬನ್ನಿ. ಮೂರು, ಸಂದೇಹ ಬಂದಾಗ ನೀವು ಫೋನ್ ಮಾಡಿ ಸಲಹೆ ಕೇಳಬಹುದಾದ ಒಬ್ಬ ತಜ್ಞರು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಕೋರ್ಸ್ ಶುರು ಮಾಡಬೇಡಿ.

ಹಂತ 2: ಯಾವ ಬಗೆಯ ಕೋರ್ಸ್ ಎಂದು ತೀರ್ಮಾನಿಸಿ

ಮೂರು ಬಗೆಗಳಿವೆ. ಮೊದಲನೆಯದು ರೆಕಾರ್ಡ್ ಮಾಡಿದ ಪಾಠ. ಕಲಿಯುವವರು ತಮಗೆ ಬಿಡುವಾದಾಗ ನೋಡುತ್ತಾರೆ. ಎರಡನೆಯದು ನೇರ ತರಗತಿ. ಎಲ್ಲರೂ ಒಂದೇ ಹೊತ್ತಿಗೆ ಸೇರುತ್ತಾರೆ. ಮೂರನೆಯದು ಎರಡೂ ಬೆರೆತದ್ದು.

ರೆಕಾರ್ಡ್ ಮಾಡಿದ ಬಗೆಗೆ ಜಗತ್ತಿನಲ್ಲಿ ದೊಡ್ಡ ಉದಾಹರಣೆಗಳಿವೆ. ಯೇಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿ ಲಾರಿ ಸ್ಯಾಂಟೋಸ್ 2018ರಲ್ಲಿ ಕಲಿಸಿದ ನೆಮ್ಮದಿಯ ಕೋರ್ಸ್‌ಗೆ ಅಲ್ಲಿನ ಸುಮಾರು 1200 ವಿದ್ಯಾರ್ಥಿಗಳು ಸೇರಿದ್ದರು. ಅದೇ ವರ್ಷ ಅದರ ಆನ್‌ಲೈನ್ ರೂಪ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಬಂತು. ಅದಕ್ಕೂ ಮುಂಚೆ, 2014ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಡೆಕ್ಸ್ ಎಂಬ ಇನ್ನೊಂದು ವೇದಿಕೆಯಲ್ಲಿ ಇಂಥದೇ ಕೋರ್ಸ್ ತಂದಿತ್ತು. ನಮ್ಮಲ್ಲಿ ಕೇಂದ್ರ ಸರ್ಕಾರದ ಸ್ವಯಂ ವೇದಿಕೆ 2017ರಿಂದ ಇದೆ. ಅಲ್ಲಿ ಪ್ರತಿ ಕೋರ್ಸ್‌ಗೂ ನಾಲ್ಕು ಭಾಗ: ವಿಡಿಯೊ ಪಾಠ, ಓದುವ ಸಾಮಗ್ರಿ, ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಸಂದೇಹ ಕೇಳುವ ಚರ್ಚಾ ಜಾಗ. ಇವುಗಳಲ್ಲಿ ಒಂದಕ್ಕಾದರೂ ನೀವೇ ವಿದ್ಯಾರ್ಥಿಯಾಗಿ ಸೇರಿ ನೋಡಿ. ಯೇಲ್ ಕೋರ್ಸಿನಲ್ಲಿ ಪಾಠಕ್ಕಿಂತ ವಾರದ ಅಭ್ಯಾಸಕ್ಕೆ ತೂಕ ಹೆಚ್ಚು ಎಂಬುದನ್ನು ಗಮನಿಸಿ. "ತಿಳಿದರೆ ಅರ್ಧ ಗೆದ್ದಂತೆ" ಎಂಬ ನಂಬಿಕೆ ತಪ್ಪು ಎಂದು ಸ್ಯಾಂಟೋಸ್ ಆರಂಭದಲ್ಲೇ ಹೇಳಿಬಿಡುತ್ತಾರೆ.

ಆದರೆ ಆ ಅಚ್ಚಿನಲ್ಲೇ ನಿಮ್ಮ ಕೋರ್ಸ್ ಎರಕ ಹೊಯ್ಯಬೇಡಿ. ಯಾರು ಬೇಕಾದರೂ ಸೇರಬಹುದಾದ ಇಂಥ ಬೃಹತ್ ಕೋರ್ಸ್‌ಗಳನ್ನು ಸೇರಿದವರಲ್ಲಿ ಕೊನೆ ಮುಟ್ಟುವವರು ಬಹಳ ಕಡಿಮೆ. ಎಷ್ಟೋ ಕಡೆ ಹತ್ತಕ್ಕೆ ಒಬ್ಬರು. ಲಕ್ಷಗಟ್ಟಲೆ ಜನ ಸೇರುವಲ್ಲಿ ಅದು ನಡೆಯುತ್ತದೆ. ನಿಮ್ಮ ಹದಿನೈದು ಜನರಲ್ಲಿ ಹದಿಮೂರು ಮಂದಿ ಬಿಟ್ಟುಹೋದರೆ ಉಳಿಯುವುದೇನು? ನನ್ನ ಸಲಹೆ ಮೂರನೆಯ ಬಗೆ: ವಾರಕ್ಕೊಂದು ನೇರ ತರಗತಿ, ನಡುವೆ ಚಿಕ್ಕ ಧ್ವನಿ ಸಂದೇಶಗಳು, ಆರು ವಾರ, ಹನ್ನೆರಡರಿಂದ ಹದಿನೈದು ಜನ. ಹದಿನೈದು ದಾಟಿದರೆ ಒಬ್ಬೊಬ್ಬರ ಹೆಸರು ಹಿಡಿದು ವಿಚಾರಿಸಲು ಆಗುವುದಿಲ್ಲ.

ಹಂತ 3: ಆರು ವಾರಕ್ಕೆ ಆರು ಅಭ್ಯಾಸ ಆರಿಸಿಕೊಳ್ಳಿ

ಒಂದು ವಾರಕ್ಕೆ ಒಂದೇ ಅಭ್ಯಾಸ. ಹೊಸಬರು ಎಡವುವುದು ಇಲ್ಲೇ: ಮೊದಲ ದಿನವೇ ಧ್ಯಾನ, ದಿನಚರಿ, ಆಹಾರ, ಸೂರ್ಯನಮಸ್ಕಾರ ಎಲ್ಲವನ್ನೂ ಹೇಳಿ, ಕೇಳಿದವರು ಯಾವುದನ್ನೂ ಹಿಡಿಯದಂತೆ ಮಾಡುತ್ತಾರೆ. ನಾನು ಅನುಸರಿಸುವ ಕ್ರಮ ಹೀಗಿದೆ.

ಮೊದಲ ವಾರ ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ನಿಮಿಷಕ್ಕೆ ಸುಮಾರು ಆರು ಉಸಿರು. ಹೊರಬಿಡುವ ಉಸಿರು ಉದ್ದವಾದಾಗ ಎದೆಬಡಿತ ಕೊಂಚ ನಿಧಾನವಾಗುತ್ತದೆ, ಮೈ ಸಡಿಲವಾಗುತ್ತದೆ. ಇದನ್ನು ಮೊದಲಿಗೆ ಇಡಲು ಕಾರಣ, ಇದರ ಫಲ ಐದು ನಿಮಿಷದಲ್ಲಿ ಅನುಭವಕ್ಕೆ ಬರುತ್ತದೆ. ಬಂದವರಿಗೆ ಕೋರ್ಸಿನ ಮೇಲೆ ನಂಬಿಕೆ ಹುಟ್ಟುತ್ತದೆ. ಉಸಿರು ಬಿಗಿಹಿಡಿಯುವ ಕುಂಭಕವನ್ನಾಗಲಿ, ವೇಗವಾಗಿ ಉಸಿರಾಡುವ ಭಸ್ತ್ರಿಕೆಯನ್ನಾಗಲಿ ಆನ್‌ಲೈನ್‌ನಲ್ಲಿ ಹೇಳಿಕೊಡಬೇಡಿ. ಗರ್ಭಿಣಿಯರು, ರಕ್ತದೊತ್ತಡ ಇರುವವರು, ಹೃದ್ರೋಗಿಗಳು ಪರದೆಯ ಆಚೆ ಇರಬಹುದು, ನಿಮಗೆ ಅದು ಕಾಣುವುದಿಲ್ಲ. ಕಣ್ಣು ಮುಚ್ಚಲೇಬೇಕು ಎಂದೂ ಒತ್ತಾಯಿಸಬೇಡಿ. ಹಿಂದೆ ದೊಡ್ಡ ಆಘಾತ ಕಂಡವರಿಗೆ ಕಣ್ಣು ಮುಚ್ಚಿ ಸುಮ್ಮನೆ ಕುಳಿತಾಗ ಹಳೆಯದೆಲ್ಲ ನುಗ್ಗಿ ಬರಬಹುದು. "ಬೇಕಾದರೆ ಮುಚ್ಚಿ, ಇಲ್ಲವಾದರೆ ನೆಲವನ್ನು ನೋಡುತ್ತಿರಿ" ಎಂದರೆ ಸಾಕು.

ಎರಡನೆಯ ವಾರ ನಿದ್ದೆ. ಪುಸ್ತಕಗಳಲ್ಲಿ ಸಿಗುವ ಸಲಹೆ ಎಲ್ಲರಿಗೂ ಗೊತ್ತು: ದಿನವೂ ಒಂದೇ ಹೊತ್ತಿಗೆ ಏಳಿ, ಸಂಜೆಯ ಮೇಲೆ ಚಹಾ ಬೇಡ, ಹಾಸಿಗೆಯಲ್ಲಿ ಮೊಬೈಲ್ ಬೇಡ. ನಮ್ಮ ಕಡೆ ಇದು ಅರ್ಧ ಜನರಿಗೆ ಹೊಂದುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ ಎಲ್ಲ ಕಡೆಯೂ ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿ ಬಂದವರಿಗೆ "ಬೇಗ ಮಲಗಿ ಬೇಗ ಏಳಿ" ಎಂದರೆ ಅವರು ಮರುವಾರ ಬರುವುದೇ ಇಲ್ಲ. ಅವರಿಗೆ ಹೇಳಬೇಕಾದದ್ದು ಬೇರೆ: ಪಾಳಿಯ ಕೊನೆಯ ಅರ್ಧದಲ್ಲಿ ಚಹಾ ನಿಲ್ಲಿಸಿ. ಬೆಳಿಗ್ಗೆ ಮನೆಗೆ ಬರುವಾಗ ಕಣ್ಣಿಗೆ ಬಿಸಿಲು ಬೀಳದಂತೆ ಕಪ್ಪು ಕನ್ನಡಕ ಹಾಕಿಕೊಳ್ಳಿ. ಸ್ವಂತ ಗಾಡಿಯಲ್ಲಿ ತೂಕಡಿಸುತ್ತಾ ಬರಬೇಡಿ. ಮಲಗುವ ಕೋಣೆಗೆ ದಪ್ಪ ಪರದೆ ಕಟ್ಟಿ. ಮನೆಯವರಿಗೆ ಆ ಐದಾರು ಗಂಟೆ ಕರೆಯಬೇಡಿ ಎಂದು ತಿಳಿಸಿ. ಈ ಕೊನೆಯದು ಎಲ್ಲಕ್ಕಿಂತ ಕಷ್ಟ. ಅದಕ್ಕೇ ನಿದ್ದೆಯ ವಾರದ ಧ್ವನಿ ಸಂದೇಶವನ್ನು ಮನೆಯ ಇನ್ನೊಬ್ಬರಿಗೂ ಕೇಳಿಸಿ ಎಂದು ನಾನು ಹೇಳುತ್ತೇನೆ. ಬೇಸಿಗೆಯಲ್ಲಿ ರಾಯಚೂರಿನಲ್ಲಿ ಮಾಳಿಗೆಯ ಮೇಲೆ ಮಲಗುವವರಿಗೆ ಬೆಳಕಿನ ಜೊತೆಗೇ ಎಚ್ಚರವಾಗುತ್ತದೆ. ಅವರು ಮಲಗುವ ಹೊತ್ತನ್ನೇ ಹಿಂದಕ್ಕೆ ತರಬೇಕು.

ಮೂರನೆಯ ವಾರ ಚೆನ್ನಾಗಿ ನಡೆದ ಮೂರು ಸಂಗತಿ. ಮಲಗುವ ಮುನ್ನ ಆ ದಿನ ಚೆನ್ನಾಗಿ ನಡೆದ ಮೂರನ್ನು ನೆನೆದು, ಪ್ರತಿಯೊಂದಕ್ಕೂ "ಇದು ಹೇಗೆ ಆಯಿತು" ಎಂದು ಒಂದು ವಾಕ್ಯ ಸೇರಿಸುವುದು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರ ಇದನ್ನು ಮಾಡಿದವರಲ್ಲಿ ಆರು ತಿಂಗಳವರೆಗೂ ಒಳ್ಳೆಯ ಪರಿಣಾಮ ಕಂಡುಬಂದಿತ್ತು. ವಾರ ಮುಗಿದ ಮೇಲೂ ತಾವಾಗಿಯೇ ಮುಂದುವರಿಸಿದವರಿಗೆ ಲಾಭ ಹೆಚ್ಚು. "ಕೃತಜ್ಞತೆ" ಎಂಬ ದೊಡ್ಡ ಮಾತು ಬಳಸಬೇಡಿ. ಅದು ಪ್ರವಚನದಂತೆ ಕೇಳಿಸುತ್ತದೆ. ಹತ್ತಿಯ ಬೆಲೆ ಬಿದ್ದ ವಾರ, ಕಾಲುವೆಗೆ ನೀರು ಬಾರದ ವಾರ ರೈತರ ಮನೆಯವರಿಗೆ "ಇರುವುದಕ್ಕೆ ಸಂತೋಷಪಡಿ" ಎಂದರೆ ಅದು ಗಾಯಕ್ಕೆ ಉಪ್ಪು. ಕಷ್ಟ ಕಷ್ಟವೇ ಎಂದು ಮೊದಲು ಒಪ್ಪಿಕೊಳ್ಳಿ. ಆ ಮೇಲೆ ಆ ದಿನದಲ್ಲಿ ಕೆಡದೆ ಉಳಿದದ್ದೇನು ಎಂದು ಕೇಳಿ.

ನಾಲ್ಕನೆಯದು ನಡೆ, ಅಂದರೆ ಮೈಯ ಚಟುವಟಿಕೆ. ಮನಸ್ಸು ಕುಗ್ಗಿದವರು "ಮನಸ್ಸು ಬಂದರೆ ಮಾಡುತ್ತೇನೆ" ಎಂದು ಕಾಯುತ್ತಾರೆ. ಇಲ್ಲಿ ಕ್ರಮ ತಿರುಗುಮುರುಗು: ಮೊದಲು ಕೈಕಾಲು ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಚುರುಕಿನ ಚಟುವಟಿಕೆ ಬೇಕು ಎನ್ನುತ್ತದೆ. ನೀವು ಹತ್ತು ನಿಮಿಷದಿಂದ ಶುರು ಮಾಡಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಏಳರೊಳಗೆ ಮುಗಿಸಲು ಹೇಳಿ. ಹೊಲದಲ್ಲಿ, ಗಾರೆ ಕೆಲಸದಲ್ಲಿ ದಿನವಿಡೀ ಮೈ ಮುರಿಯುವವರಿಗೆ ಈ ಪಾಠವೇ ಬೇಡ. ಅವರಿಗೆ ಆ ವಾರ ತಮಗೆ ಇಷ್ಟವಾದ ಒಂದು ಕೆಲಸಕ್ಕೆ ಹತ್ತು ನಿಮಿಷ ಬಿಡುವು ಹುಡುಕುವುದೇ ಅಭ್ಯಾಸ. ಭಜನೆಯಾಗಲಿ, ಕಸೂತಿಯಾಗಲಿ, ಹಳೆಯ ಗೆಳೆಯನೊಂದಿಗೆ ಕಟ್ಟೆಯ ಮೇಲೆ ಕೂರುವುದಾಗಲಿ.

ಐದನೆಯ ವಾರ ಚಿಂತೆಗೊಂದು ಹೊತ್ತು ಗೊತ್ತು ಮಾಡುವುದು. ದಿನದಲ್ಲಿ ಹದಿನೈದು ನಿಮಿಷ, ಒಂದೇ ಜಾಗ, ಒಂದೇ ಸಮಯ. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಒಂದು ಪದದಲ್ಲಿ ಬರೆದಿಟ್ಟು "ಸಂಜೆ ನೋಡೋಣ" ಎಂದು ಮುಂದೂಡುವುದು. ಗೊತ್ತುಪಡಿಸಿದ ಹೊತ್ತಿನಲ್ಲಿ ಆ ಪಟ್ಟಿಯನ್ನು ಎರಡು ಪಾಲು ಮಾಡುವುದು: ನಾನು ಏನಾದರೂ ಮಾಡಬಹುದಾದದ್ದು, ನನ್ನ ಕೈಯಲ್ಲಿ ಇಲ್ಲದ್ದು. ಮೊದಲ ಪಾಲಿಗೆ ನಾಳೆಯ ಒಂದು ಹೆಜ್ಜೆ ಬರೆಯುವುದು. ಮಲಗುವ ಹೊತ್ತಿಗೆ ಸಮೀಪ ಇದನ್ನು ಇಟ್ಟುಕೊಳ್ಳಬಾರದು.

ಆರನೆಯದು ನಂಟು. ಬಹಳ ದಿನ ಮಾತನಾಡದ ಒಬ್ಬರಿಗೆ ಕರೆ ಮಾಡುವುದು, ಒಬ್ಬರಿಗೆ ಬಾಯಿಬಿಟ್ಟು ಧನ್ಯವಾದ ಹೇಳುವುದು. ನಮ್ಮ ಜನಕ್ಕೆ ಇದನ್ನು ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಹಂತ 4: ಒಂದು ಗಂಟೆಯನ್ನು ಹಂಚಿಕೊಳ್ಳಿ

ಒಂದು ಗಂಟೆ ಮೀರಬೇಡಿ. ಮೊದಲ ಐದು ನಿಮಿಷ ಬರುವವರಿಗಾಗಿ ಕಾಯುತ್ತಾ ಎಲ್ಲರೂ ಕೂಡಿ ಉಸಿರಾಟ. ಹತ್ತು ನಿಮಿಷ ಕಳೆದ ವಾರದ ವಿಚಾರಣೆ. ಹನ್ನೆರಡು ನಿಮಿಷ ನಿಮ್ಮ ವಿವರಣೆ, ಒಂದು ನಿಮಿಷವೂ ಹೆಚ್ಚಿಲ್ಲ. ಹದಿನೈದು ನಿಮಿಷ ಅಲ್ಲೇ ಅಭ್ಯಾಸ. ಹತ್ತು ನಿಮಿಷ ಇಬ್ಬಿಬ್ಬರೇ ಮಾತನಾಡುವುದು. ಇದಕ್ಕೆ ತರಗತಿಯನ್ನು ಪುಟ್ಟ ಕೋಣೆಗಳಾಗಿ ಒಡೆಯುವ ಸೌಲಭ್ಯ ಜೂಮ್‌ನಲ್ಲಿದೆ, ಅದಕ್ಕೆ ಬ್ರೇಕ್‌ಔಟ್ ರೂಮ್ ಎನ್ನುತ್ತಾರೆ. ಉಳಿದದ್ದು ಮುಂದಿನ ವಾರದ ಯೋಜನೆ ಬರೆಯಲು.

ಕಳೆದ ವಾರದ ವಿಚಾರಣೆಯೇ ಈ ಗಂಟೆಯ ಹೃದಯ. "ಯಾರು ಯಾರು ಮಾಡಿದಿರಿ?" ಎಂದು ಕೇಳಬೇಡಿ. ಮಾಡದವರು ಕ್ಯಾಮೆರಾ ಮುಚ್ಚಿ ಕುಳಿತುಬಿಡುತ್ತಾರೆ. ಎರಡು ವಾರ ಹೀಗಾದರೆ ಬಿಟ್ಟುಹೋಗುತ್ತಾರೆ. ನನ್ನ ಮೊದಲ ತಂಡದಲ್ಲಿ ಮೂರನೆಯ ವಾರದ ಹೊತ್ತಿಗೆ ಅರ್ಧದಷ್ಟು ಜನ ಕಾಣೆಯಾದದ್ದು ಈ ಒಂದು ಪ್ರಶ್ನೆಯಿಂದ. "ಯಾವ ದಿನ ಆಯಿತು, ಯಾವ ದಿನ ಆಗಲಿಲ್ಲ, ಆಗದ ದಿನ ಅಡ್ಡ ಬಂದದ್ದೇನು?" ಎಂದು ಕೇಳಿ. ಆಗ ಮಾಡದವರಿಗೂ ಹೇಳಲು ಮಾತಿರುತ್ತದೆ. ಅತ್ತೆಗೆ ಜ್ವರ, ಕರೆಂಟ್ ಇರಲಿಲ್ಲ, ಮಗನ ಪರೀಕ್ಷೆ, ಹುಲಿಗೆಮ್ಮನ ಹುಣ್ಣಿಮೆಗೆ ನೆಂಟರು ಬಂದರು. ಈ ಅಡ್ಡಿಗಳನ್ನೇ ಹಿಡಿದು ಅಭ್ಯಾಸವನ್ನು ಮರುಹೊಂದಿಸುವುದು ಕಲಿಸುವವರ ನಿಜವಾದ ಕೆಲಸ.

ಭಾಷೆಯ ವಿಷಯದಲ್ಲಿ ಹುಷಾರು. ಬಳ್ಳಾರಿ ಕಡೆ ತೆಲುಗು, ರಾಯಚೂರು ಕಡೆ ತೆಲುಗಿನ ಜೊತೆಗೆ ಉರ್ದು ಮನೆಮಾತಾದವರು ನಿಮ್ಮ ತರಗತಿಯಲ್ಲಿ ಇರುತ್ತಾರೆ. ಅವರು ಕನ್ನಡ ಬಲ್ಲವರೇ. ಆದರೆ ಮನಸ್ಸಿನ ನೋವು ಬಾಯಿಗೆ ಬರುವುದು ಮನೆಮಾತಿನಲ್ಲಿ. ಇಬ್ಬಿಬ್ಬರ ಜೋಡಿ ಮಾಡುವಾಗ ಒಂದೇ ಮನೆಮಾತಿನವರನ್ನು ಜೊತೆಗೂಡಿಸಿದರೆ ಮಾತು ತಾನೇ ಹರಿಯುತ್ತದೆ. "ಆತಂಕ", "ಖಿನ್ನತೆ" ಎಂಬ ಪದಗಳಿಗಿಂತ "ಎದೆ ಡವಡವ ಎನ್ನುವುದು", "ಯಾವುದರಲ್ಲೂ ಮನಸ್ಸು ನಿಲ್ಲದಿರುವುದು", "ತಲೆ ಭಾರ" ಎಂಬ ಮಾತುಗಳಿಂದ ಜನ ತಮ್ಮ ಸ್ಥಿತಿಯನ್ನು ಬೇಗ ಗುರುತಿಸುತ್ತಾರೆ.

ಹಂತ 5: ನಡುವಿನ ಆರು ದಿನಗಳನ್ನು ಕಾಯಿರಿ

ಯೋಜನೆ ಬರೆಸುವಾಗ "ದಿನವೂ ಉಸಿರಾಟ ಮಾಡುತ್ತೇನೆ" ಎಂಬ ವಾಕ್ಯವನ್ನು ಒಪ್ಪಿಕೊಳ್ಳಬೇಡಿ. "ಇದಾದಾಗ ಅದು" ಎಂಬ ರೂಪದಲ್ಲಿ ಬರೆಸಿ. ಹಾಲು ಕಾಯಲು ಒಲೆಯ ಮೇಲೆ ಇಟ್ಟಾಗ ಹತ್ತು ಉಸಿರು. ಸಿಂಧನೂರಿನ ಬಸ್ಸಿನಲ್ಲಿ ಸೀಟು ಹಿಡಿದು ಕುಳಿತಾಗ ಹತ್ತು ಉಸಿರು. ಅಂಗಡಿಯ ಬಾಗಿಲು ಎಳೆದು ಬೀಗ ಹಾಕಿದಾಗ ಮೂರು ಸಂಗತಿ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಜರ್ ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ: ಆಗಲೇ ನಡೆಯುತ್ತಿರುವ ಒಂದು ಕೆಲಸಕ್ಕೆ ಹೊಸದನ್ನು ಗಂಟುಹಾಕಿದರೆ, ನೆನಪಿಡುವ ಹೊರೆ ಮನಸ್ಸಿನಿಂದ ಇಳಿಯುತ್ತದೆ.

"ಇಪ್ಪತ್ತೊಂದು ದಿನದಲ್ಲಿ ಅಭ್ಯಾಸ ಬೇರೂರುತ್ತದೆ" ಎಂದು ಹೇಳಬೇಡಿ. ಅದಕ್ಕೆ ಆಧಾರವಿಲ್ಲ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರ ಅಧ್ಯಯನದಲ್ಲಿ ಒಂದು ಸಣ್ಣ ಅಭ್ಯಾಸ ತಾನಾಗಿ ನಡೆಯುವಂತಾಗಲು ಜನರಿಗೆ 18ರಿಂದ 254 ದಿನ ಬೇಕಾಯಿತು. ನಡುಮಟ್ಟ 66 ದಿನ. ನಡುವೆ ಒಂದು ದಿನ ತಪ್ಪಿದರೆ ಹೆಚ್ಚೇನೂ ಕೆಡಲಿಲ್ಲ ಎಂಬುದೂ ಅದರಲ್ಲೇ ಕಂಡ ಸಂಗತಿ. ಈ ಎರಡನ್ನೂ ಮೊದಲ ವಾರವೇ ಹೇಳಿಬಿಡಿ. ಇಪ್ಪತ್ತೆರಡನೆಯ ದಿನ "ನನ್ನಿಂದ ಆಗಲಿಲ್ಲ" ಎಂದು ಯಾರೂ ಕೈಚೆಲ್ಲಬಾರದು.

ವಾರದ ನಡುವೆ ನೀವು ಮಾಡಬೇಕಾದದ್ದು ಎರಡು. ಎರಡನೆಯ ದಿನ ವಾಟ್ಸ್‌ಆ್ಯಪ್‌ನಲ್ಲಿ ಎರಡು ನಿಮಿಷದ ಧ್ವನಿ ಸಂದೇಶ ಕಳುಹಿಸಿ. ಅದರಲ್ಲಿ ಪಾಠ ಬೇಡ, ಅಭ್ಯಾಸವೇ ಇರಲಿ, ಕೇಳುತ್ತಾ ಅಲ್ಲೇ ಮಾಡುವಂತಿರಲಿ. ಓದು ಬರಹ ಕಡಿಮೆ ಇರುವವರಿಗೂ ಇದು ತಲುಪುತ್ತದೆ. ನಾಲ್ಕನೆಯ ದಿನ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಒಂದು ಸಾಲು ಬರೆಯಿರಿ: "ಅಕ್ಕ, ಹಾಲಿನ ಹೊತ್ತಿನ ಉಸಿರು ನಡೆಯುತ್ತಿದೆಯೇ?" ಹದಿನೈದು ಜನರಿಗೆ ಇಪ್ಪತ್ತು ನಿಮಿಷ ಸಾಕು. ಹೆಸರಿನ ಜೊತೆಗೆ ಅವರದೇ ಯೋಜನೆಯ ಮಾತು ಇರಬೇಕು. ಎಲ್ಲರಿಗೂ ಒಂದೇ ಸಂದೇಶವನ್ನು ನಕಲು ಮಾಡಿ ಕಳಿಸಿದರೆ ಅದು ಜಾಹೀರಾತಿನಂತೆ ಓದದೆ ಉಳಿಯುತ್ತದೆ.

ಗುಂಪಿನಲ್ಲಿ ಯಾರೂ ಸ್ವಂತ ಸಂಕಟ ಬರೆಯಬಾರದು ಎಂಬ ನಿಯಮ ಇಡಿ. ಕೊಪ್ಪಳವಾಗಲಿ ಕುಷ್ಟಗಿಯಾಗಲಿ, ಊರು ಚಿಕ್ಕದು. ಒಂದು ಪರದೆಚಿತ್ರ (ಸ್ಕ್ರೀನ್‌ಶಾಟ್) ಸಂಜೆಯೊಳಗೆ ಬೀಗರ ಮನೆ ತಲುಪುತ್ತದೆ. ಶುಭೋದಯದ ಚಿತ್ರಗಳನ್ನೂ ಮೊದಲ ದಿನವೇ ನಿಲ್ಲಿಸಿ.

ಹಂತ 6: ಸಲಕರಣೆ

ದೊಡ್ಡ ಖರ್ಚು ಬೇಡ. ಒಂದು ಮೊಬೈಲ್, ತಂತಿ ಇರುವ ಇಯರ್‌ಫೋನ್, ಕಿಟಕಿಗೆ ಮುಖಮಾಡಿದ ಕುರ್ಚಿ ಸಾಕು. ಗೂಗಲ್ ಮೀಟ್‌ನ ಉಚಿತ ಖಾತೆಯಲ್ಲಿ ಗುಂಪಿನ ಸಭೆಗೆ 60 ನಿಮಿಷ, ಜೂಮ್‌ನಲ್ಲಿ 40 ನಿಮಿಷ ಮಿತಿ. ಉಚಿತ ಜೂಮ್ ಬಳಸುವವರು ನಡುವೆ ಮತ್ತೆ ಲಿಂಕ್ ಒತ್ತಬೇಕಾಗುತ್ತದೆ. ಒಂದು ಗಂಟೆಯ ವಿಡಿಯೊ ಗುಂಪು ಕರೆಗೆ ಒಂದು ಜಿಬಿಯ ಹತ್ತಿರ ಡಾಟಾ ಹೋಗಬಹುದು. ದಿನಕ್ಕೆ ಒಂದೂವರೆ ಜಿಬಿಯನ್ನು ಮನೆಯ ಮಕ್ಕಳೂ ಹಂಚಿಕೊಳ್ಳುವಲ್ಲಿ ಇದು ದೊಡ್ಡ ಮಾತು. ಅಭ್ಯಾಸದ ಹೊತ್ತಿನಲ್ಲಿ ಎಲ್ಲರೂ ಕ್ಯಾಮೆರಾ ಮುಚ್ಚಲಿ. ಡಾಟಾ ಉಳಿಯುತ್ತದೆ, ಸಂಕೋಚವೂ ಕಡಿಮೆಯಾಗುತ್ತದೆ.

ಸಮಯವನ್ನು ಆರಿಸುವಾಗ ಸೇರಿದವರನ್ನೇ ಕೇಳಿ. ಹೆಣ್ಣುಮಕ್ಕಳು ಹೆಚ್ಚಿದ್ದರೆ ಮಧ್ಯಾಹ್ನ ಮೂರರ ಹೊತ್ತು, ನೌಕರರಿದ್ದರೆ ರಾತ್ರಿ ಎಂಟೂವರೆ ಸಾಮಾನ್ಯವಾಗಿ ಹೊಂದುತ್ತದೆ. ಭತ್ತದ ಕಟಾವು, ಗವಿಮಠದ ಜಾತ್ರೆ ಇರುವ ವಾರ ತರಗತಿ ಇಟ್ಟುಕೊಳ್ಳಬೇಡಿ. ಮನೆಯಲ್ಲಿ ಒಬ್ಬರೇ ಕೂರಲು ಕೋಣೆ ಇಲ್ಲದವರು ಬಹಳ. ಮಾಳಿಗೆ, ದನದ ಕೊಟ್ಟಿಗೆಯ ಪಕ್ಕ, ನಿಲ್ಲಿಸಿದ ಆಟೊ, ಎಲ್ಲಿಂದ ಸೇರಿದರೂ ಸರಿ ಎಂದು ಮೊದಲೇ ತಿಳಿಸಿ.

ಹಂತ 7: ಮೊದಲು ಒಮ್ಮೆ, ಕೊನೆಗೆ ಒಮ್ಮೆ ಅಳೆಯಿರಿ

"ತುಂಬಾ ಚೆನ್ನಾಗಿತ್ತು ಸರ್" ಎಂಬ ಮಾತು ಅಳತೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಯೋಗಕ್ಷೇಮ ಸೂಚಿ ಇದೆ. ಕಳೆದ ಎರಡು ವಾರಗಳಲ್ಲಿ ಎಷ್ಟು ಹೊತ್ತು ಮನಸ್ಸು ಹಗುರವಾಗಿ, ಉಲ್ಲಾಸವಾಗಿ ಇತ್ತು. ಎಷ್ಟು ಹೊತ್ತು ಶಾಂತವಾಗಿ, ನಿರಾಳವಾಗಿ ಇದ್ದಿರಿ. ಮೈಯಲ್ಲಿ ಚುರುಕು ಇತ್ತೇ. ಎದ್ದಾಗ ದಣಿವು ಕಳೆದು ಹೊಸತನ ಇತ್ತೇ. ದಿನದಲ್ಲಿ ಆಸಕ್ತಿ ಹುಟ್ಟಿಸುವ ಸಂಗತಿಗಳಿದ್ದವೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಕೂಡಿದ ಮೊತ್ತವನ್ನು ನಾಲ್ಕರಿಂದ ಗುಣಿಸಿದರೆ ನೂರಕ್ಕೆ ಎಷ್ಟು ಎಂದು ಸಿಗುತ್ತದೆ. 25ಕ್ಕೆ 13ಕ್ಕಿಂತ ಕಡಿಮೆ ಬಂದವರೊಂದಿಗೆ ಬೇರೆಯಾಗಿ ಮಾತನಾಡಿ, ವೈದ್ಯರನ್ನು ಕಾಣಲು ಹೇಳಿ. ಆ ಅಂಕವೇ ಕಾಯಿಲೆಯ ಹೆಸರಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ತಿಳಿಸಿ.

ಅಂಕ ಇಳಿದವರ ಬಗ್ಗೆ ಹೆಚ್ಚು ಗಮನವಿರಲಿ. ಧ್ಯಾನ, ಉಸಿರಾಟ ಎಲ್ಲರಿಗೂ ಹಿತ ಎಂಬುದು ನಿಜವಲ್ಲ. ಕೆಲವರಿಗೆ ಅದರಿಂದಲೇ ಕಳವಳ ಹೆಚ್ಚಾಗುತ್ತದೆ. ಅಂಥವರಿಗೆ "ಇನ್ನಷ್ಟು ಮಾಡಿ, ಸರಿಹೋಗುತ್ತದೆ" ಎನ್ನಬೇಡಿ. ನಿಲ್ಲಿಸಲು ಹೇಳಿ.

ಹಂತ 8: ಗುಟ್ಟು, ಸಹಮತಿ, ಸಂಕಟದ ಹೊತ್ತು

ಸೇರುವಾಗಲೇ ಒಂದು ಪುಟದ ಸಹಮತಿ ಪತ್ರ ಪಡೆಯಿರಿ. ಅದರಲ್ಲಿ ನಾಲ್ಕೇ ಮಾತು: ಇದು ಚಿಕಿತ್ಸೆ ಅಲ್ಲ, ಇಲ್ಲಿ ಕೇಳಿದ್ದು ಹೊರಗೆ ಹೋಗದು, ತರಗತಿಯನ್ನು ಯಾರೂ ರೆಕಾರ್ಡ್ ಮಾಡುವುದಿಲ್ಲ, ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ನೀವು ಸೂಚಿಸಿದ ಒಬ್ಬರಿಗೆ ತಿಳಿಸುತ್ತೇವೆ. ಆ ಒಬ್ಬರ ಹೆಸರು, ಫೋನ್ ಸಂಖ್ಯೆ, ಕಲಿಯುವವರು ಇರುವ ಊರಿನ ವಿಳಾಸ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ: ಯಾರೋ ಕಷ್ಟದಲ್ಲಿದ್ದಾರೆ ಎಂದು ತಿಳಿದರೂ ಅವರು ಎಲ್ಲಿದ್ದಾರೆ ಎಂಬುದು ತಿಳಿಯದಿರುವುದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ. ಬೇಕಾದಷ್ಟನ್ನು ಮಾತ್ರ ಕೇಳಿ, ಯಾಕೆ ಕೇಳುತ್ತೀರಿ ಎಂದು ಹೇಳಿ.

ತರಗತಿಯಲ್ಲಿ ಯಾರಾದರೂ ಅತ್ತರೆ ಗಾಬರಿಯಾಗಬೇಡಿ. ಸಹಾಯಕರೊಬ್ಬರು ಸದಾ ಜೊತೆಯಲ್ಲಿರಲಿ. ಅವರು ತರಗತಿಯನ್ನು ನಡೆಸುತ್ತಿರಲಿ, ನೀವು ಹೊರಬಂದು ಆ ವ್ಯಕ್ತಿಗೆ ಫೋನ್ ಮಾಡಿ. ಸಾಯುವ ಮಾತು ಬಂದರೆ ನೇರವಾಗಿ ಕೇಳಿ: "ಜೀವ ಕಳೆದುಕೊಳ್ಳುವ ಯೋಚನೆ ಬರುತ್ತಿದೆಯೇ?" ಹೀಗೆ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಮಾತು ಕಡಿಯಬೇಡಿ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿ ಅವರನ್ನು ಪಕ್ಕಕ್ಕೆ ಕರೆಸಿ. ಕೀಟನಾಶಕವಾಗಲಿ ಮಾತ್ರೆಗಳಾಗಲಿ ಇದ್ದರೆ ದೂರ ಇಡಿಸಿ. ಸಹಾಯಕರಿಂದ 14416ಕ್ಕೆ, ತುರ್ತಾದರೆ 108 ಅಥವಾ 112ಕ್ಕೆ ಕರೆ ಮಾಡಿಸಿ. ಮರುದಿನ ನೀವೇ ವಿಚಾರಿಸಿಕೊಳ್ಳಿ.

ಹಂತ 9: ಶುಲ್ಕ ಮತ್ತು ಪ್ರಮಾಣಪತ್ರ

ಪೂರ್ತಿ ಉಚಿತ ಕೋರ್ಸ್‌ಗಿಂತ ಸಣ್ಣ ಶುಲ್ಕದ ಕೋರ್ಸ್‌ನಲ್ಲಿ ಜನ ಹೆಚ್ಚು ನಿಲ್ಲುವುದನ್ನು ನಾನು ಕಂಡಿದ್ದೇನೆ. ಕೊಡಲಾಗದವರಿಗೆ ಬಿಟ್ಟುಕೊಡಿ, ಯಾರಿಗೆ ಬಿಟ್ಟಿರಿ ಎಂಬುದು ಉಳಿದವರಿಗೆ ತಿಳಿಯದಿರಲಿ. ಪ್ರಮಾಣಪತ್ರ ಕೊಡುವುದಾದರೆ "ಆರು ವಾರ ಭಾಗವಹಿಸಿದ್ದಾರೆ" ಎಂದಷ್ಟೇ ಬರೆಯಿರಿ. "ನೆಮ್ಮದಿಯ ತರಬೇತುದಾರ" ಎಂದೆಲ್ಲ ಬರೆದುಕೊಟ್ಟರೆ ಮುಂದಿನ ತಿಂಗಳೇ ಅವರು ಬೇರೆಯವರಿಗೆ ಸಲಹೆ ಕೊಡಲು ಕೂರುತ್ತಾರೆ.

ಹಂತ 10: ಆರನೆಯ ವಾರದ ನಂತರ

ಆರು ವಾರ ಮುಗಿದ ಮೇಲೆ ಸೇರುವ ಕೊನೆಯ ತರಗತಿಯಲ್ಲಿ ಹೊಸದೇನನ್ನೂ ಕಲಿಸಬೇಡಿ. ಆರರಲ್ಲಿ ತನಗೆ ಒಗ್ಗಿದ ಒಂದನ್ನು ಪ್ರತಿಯೊಬ್ಬರೂ ಆರಿಸಿ, "ಇದಾದಾಗ ಅದು" ರೂಪದಲ್ಲಿ ಬರೆದು, ಒಬ್ಬ ಜೊತೆಗಾರರನ್ನು ಹೆಸರಿಸಲಿ. ಇಬ್ಬರೂ ವಾರಕ್ಕೊಮ್ಮೆ ಐದು ನಿಮಿಷ ಫೋನಿನಲ್ಲಿ ವಿಚಾರಿಸಿಕೊಳ್ಳಲಿ. ವಾಟ್ಸ್‌ಆ್ಯಪ್ ಗುಂಪನ್ನು ಮುಚ್ಚಿಬಿಡಿ. ತೆರೆದಿಟ್ಟರೆ ಅದು ಬೇರೆ ಏನೇನೋ ಆಗುತ್ತದೆ. ಮೂರು ತಿಂಗಳ ನಂತರದ ಒಂದು ದಿನಾಂಕವನ್ನು ಆಗಲೇ ಗೊತ್ತು ಮಾಡಿ. ಅಂದು ಒಂದು ಗಂಟೆ ಎಲ್ಲರೂ ಸೇರಿ, ಅದೇ ಐದು ಪ್ರಶ್ನೆಗಳಿಗೆ ಮೂರನೆಯ ಬಾರಿ ಉತ್ತರಿಸಲಿ. ಆ ದಿನ ಬಾರದವರಿಗೆ ವಾರದೊಳಗೆ ಫೋನ್ ಮಾಡಿ. ಅದಾದ ಮೇಲೆ ಅವರ ಅಂಕಪಟ್ಟಿ, ವಿಳಾಸ, ಸಹಮತಿ ಪತ್ರದ ಫೋಟೊಗಳನ್ನು ನಿಮ್ಮ ಮೊಬೈಲ್‌ನಿಂದ ಅಳಿಸಿಹಾಕಿ, ಅಳಿಸಿದ್ದೇವೆ ಎಂದು ಒಬ್ಬೊಬ್ಬರಿಗೂ ತಿಳಿಸಿ.